ಹಿತ್ತಾಳೆ ತಗಡಿನ ಎಚಿಂಗ್: ಮುಳ್ಳಿನ ತುದಿ ಏಕೆ ಕರಗಿಹೋಯಿತು?

ಪ್ರಶ್ನೆ: 0.5 ಮಿ.ಮೀ. ದಪ್ಪದ ಹಿತ್ತಾಳೆ ತಗಡಿನಿಂದ ಗಡಿಯಾರದ ಮುಳ್ಳುಗಳನ್ನೂ ಮುಖಫಲಕದ ಜಾಲರಿಯನ್ನೂ ಎಚಿಂಗ್ ಮಾಡಿ, ಅಂದರೆ ಬೇಡದ ಲೋಹವನ್ನು ದ್ರಾವಣದಲ್ಲಿ ಕರಗಿಸಿ, ತೆಗೆಯಲು ಪ್ರಯತ್ನಿಸುತ್ತಿದ್ದೇನೆ. ಲೇಸರ್ ಪ್ರಿಂಟರಿನ ಟೋನರ್ ಚಿತ್ರವನ್ನು ಇಸ್ತ್ರಿಪೆಟ್ಟಿಗೆಯಿಂದ ತಗಡಿನ ಮೇಲೆ ಇಳಿಸಿ, ಹಿಂಬದಿಗೆ ಟೇಪು ಅಂಟಿಸಿ, ಫೆರಿಕ್ ಕ್ಲೋರೈಡ್ ದ್ರಾವಣದ ತಟ್ಟೆಯಲ್ಲಿ ಮುಳುಗಿಸಿಟ್ಟೆ. ಎರಡು ಗಂಟೆಗಳ ನಂತರ ನೋಡಿದರೆ 0.8 ಮಿ.ಮೀ. ಅಗಲದ ಮುಳ್ಳಿನ ತುದಿಗಳು ಇಲ್ಲವಾಗಿದ್ದವು. ಜಾಲರಿಯ ದೊಡ್ಡ ಕಿಂಡಿಗಳ ನಡುವೆ ಮಾತ್ರ ಲೋಹ ಇನ್ನೂ ಉಳಿದಿತ್ತು. ಅಂಚುಗಳು ಗರಗಸದ ಹಲ್ಲಿನಂತಿವೆ, ಮೇಲ್ಮೈ ಅಲ್ಲಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದೆ. ಆಮ್ಲ ಸೇರಿಸು ಎಂದು ಒಬ್ಬರು, ಇನ್ನಷ್ಟು ಬಿಸಿ ಮಾಡು ಎಂದು ಮತ್ತೊಬ್ಬರು ಹೇಳುತ್ತಾರೆ. ಯಾವುದು ಸರಿ? ಇದೇ ದ್ರಾವಣದಲ್ಲಿ 1.5 ಮಿ.ಮೀ. ದಪ್ಪದ ನಾಮಫಲಕವನ್ನೂ ಮಾಡಬಹುದೆ?

ಉತ್ತರ: ನಿಮ್ಮ ದ್ರಾವಣದಲ್ಲಿ ದೊಡ್ಡ ದೋಷವಿದ್ದಂತೆ ತೋರುವುದಿಲ್ಲ. ಆಮ್ಲ ಸೇರಿಸಿದರೂ ಬಿಸಿ ಹೆಚ್ಚಿಸಿದರೂ ಮುಳ್ಳಿನ ತುದಿ ಮತ್ತೆ ಕರಗಿಯೇ ಹೋಗುತ್ತಿತ್ತು, ಸ್ವಲ್ಪ ಬೇಗ ಕರಗುತ್ತಿತ್ತು ಅಷ್ಟೆ. ತಗಡನ್ನು ದ್ರಾವಣಕ್ಕೆ ಇಳಿಸುವ ಮೊದಲೇ, ಚಿತ್ರ ಬರೆಯುವಾಗ ಮತ್ತು ತಗಡಿನ ದಪ್ಪವನ್ನು ಆರಿಸುವಾಗ, ಈ ಫಲಿತಾಂಶ ನಿಶ್ಚಯವಾಗಿಬಿಟ್ಟಿತ್ತು. ಏಕೆಂದರೆ ದ್ರಾವಣಕ್ಕೆ ದಿಕ್ಕು ಎಂಬುದಿಲ್ಲ. ಅದು ಕೆಳಕ್ಕೆ ಕೊರೆಯುತ್ತಾ ಹೋದಂತೆ, ಹೊಸದಾಗಿ ತೆರೆದುಕೊಂಡ ಪಕ್ಕದ ಗೋಡೆಯನ್ನೂ ತಿನ್ನುತ್ತಾ ಮರೆಪದರದ, ಅಂದರೆ ಲೋಹವನ್ನು ಮುಚ್ಚಿ ಕಾಯುವ ಟೋನರಿನಂತಹ ಪದರದ, ಅಡಿಗೆ ನುಗ್ಗುತ್ತದೆ. ಇದನ್ನು ಅಡ್ಡಕೊರೆತ ಎಂದು ಕರೆಯೋಣ. ಆಳವನ್ನು ಅಡ್ಡಕೊರೆತದಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಕೊರೆತದ ಅನುಪಾತವೆನ್ನುತ್ತಾರೆ. ನಿಶ್ಚಲ ತಟ್ಟೆಯಲ್ಲಿ ಈ ಅನುಪಾತ 1ರ ಆಸುಪಾಸಿನಲ್ಲಿರುತ್ತದೆ. ದ್ರಾವಣವನ್ನು ರಭಸದಿಂದ ಸಿಂಪಡಿಸುವ ಯಂತ್ರದಲ್ಲಿ 1.5ರಿಂದ 3ರವರೆಗೆ ಏರಬಲ್ಲದು.

ನಿಮ್ಮ ಅಳತೆಗಳನ್ನೇ ಇಟ್ಟು ಲೆಕ್ಕ ಹಾಕಿ ನೋಡಿ. ಒಂದೇ ಬದಿಯಿಂದ 0.5 ಮಿ.ಮೀ. ಆಳ ಕೊರೆಯುವಷ್ಟರಲ್ಲಿ ಪ್ರತಿ ಅಂಚಿನಿಂದಲೂ ಸುಮಾರು 0.5 ಮಿ.ಮೀ. ಒಳಕ್ಕೆ ಸವೆದಿರುತ್ತದೆ. ಮುಳ್ಳಿಗೆ ಎರಡು ಅಂಚುಗಳಿರುವುದರಿಂದ 1 ಮಿ.ಮೀ.ನಷ್ಟು ಲೋಹ ಹೋಗುತ್ತದೆ, ನಿಮ್ಮ ಮುಳ್ಳು ಇದ್ದದ್ದು 0.8 ಮಿ.ಮೀ. ಟೋನರ್ ಗಟ್ಟಿಯಾಗಿ ಅಂಟಿದ್ದರೂ ಅದರ ಕೆಳಗೆ ಹಿಡಿದುಕೊಳ್ಳಲು ಲೋಹವೇ ಉಳಿಯಲಿಲ್ಲ.

ಆದ್ದರಿಂದ ಮೊದಲು ಬದಲಾಗಬೇಕಾದದ್ದು ತಗಡಿನ ದಪ್ಪ, ಎರಡನೆಯದು ಒಂದೇ ಬದಿಯಿಂದ ಕೊರೆಯುವ ಕ್ರಮ. ಗಡಿಯಾರದ ಮುಳ್ಳಿಗೆ 0.25 ಮಿ.ಮೀ. ದಪ್ಪ ಧಾರಾಳವಾಗಿ ಸಾಕು. ಅದನ್ನು ಎರಡೂ ಬದಿಗಳಿಂದ ಏಕಕಾಲಕ್ಕೆ ಕೊರೆದರೆ ಪ್ರತಿ ಬದಿಯಿಂದ ಇಳಿಯಬೇಕಾದ ಆಳ 0.125 ಮಿ.ಮೀ. ಮಾತ್ರ, ಅನುಪಾತ 1.5 ಎಂದು ಹಿಡಿದರೂ ಅಡ್ಡಕೊರೆತ ಅಂಚಿಗೆ 0.08 ಮಿ.ಮೀ. ಆಸುಪಾಸಿನಲ್ಲಿ ನಿಲ್ಲುತ್ತದೆ. ಆ ನಷ್ಟವನ್ನು ಚಿತ್ರದಲ್ಲಿಯೇ ಮುಂಗಡವಾಗಿ ಕೊಟ್ಟುಬಿಡಬೇಕು: ಸಿದ್ಧವಾದ ಮುಳ್ಳು 0.8 ಮಿ.ಮೀ. ಇರಬೇಕಾದರೆ ಫಿಲ್ಮಿನ, ಅಂದರೆ ಚಿತ್ರ ಮುದ್ರಿಸುವ ಪಾರದರ್ಶಕ ಹಾಳೆಯ, ಮೇಲೆ ಅದನ್ನು 0.96 ಮಿ.ಮೀ. ಅಗಲಕ್ಕೆ ಬರೆಯಬೇಕು, 0.4 ಮಿ.ಮೀ. ಅಗಲದ ಸೀಳು ಬೇಕಾದರೆ 0.24 ಮಿ.ಮೀ. ಅಗಲಕ್ಕೆ ಬರೆಯಬೇಕು. ಎರಡೂ ಬದಿಯ ಕೊರೆತಗಳು ನಡುವೆ ಸಂಧಿಸುವಲ್ಲಿ ಅಂಚಿನ ಮಧ್ಯದಲ್ಲಿ ಒಂದು ಸಣ್ಣ ಏಣು ಉಳಿಯುತ್ತದೆ. ತಗಡು ತೂತಾದ ಮೇಲೆಯೂ ಸ್ವಲ್ಪ ಹೊತ್ತು ದ್ರಾವಣದಲ್ಲಿಟ್ಟರೆ, ದ್ರಾವಣ ಆರಪಾರ ಹರಿಯತೊಡಗುವುದರಿಂದ, ಆ ಏಣು ಬೇಗ ತಗ್ಗುತ್ತದೆ. ಈ ಹೆಚ್ಚುವರಿ ಹೊತ್ತಿನಲ್ಲಿ ಅಂಚು ಇನ್ನೊಂದಿಷ್ಟು ಸವೆಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಲ್ಲಿಂದಲೇ ಎಚಿಂಗಿನ ಮಿತಿಗಳೂ ಹುಟ್ಟುತ್ತವೆ. ತಗಡಿನ ದಪ್ಪಕ್ಕಿಂತ ಕಿರಿದಾದ ರಂಧ್ರವನ್ನು ನಂಬಿಕೆಯಿಂದ ತೆಗೆಯಲಾಗುವುದಿಲ್ಲ, ದಪ್ಪದ 1.1ರಿಂದ 1.2 ಪಟ್ಟು ಕನಿಷ್ಠ ವ್ಯಾಸ ಎಂದು ವೃತ್ತಿಪರರು ಇಟ್ಟುಕೊಳ್ಳುತ್ತಾರೆ. ಎರಡು ಕಿಂಡಿಗಳ ನಡುವಿನ ಕಡ್ಡಿಯೂ ಕನಿಷ್ಠ ದಪ್ಪದಷ್ಟು ಅಗಲವಿರಲಿ. ಅಳತೆಯ ನಿಖರತೆ ಸಾಮಾನ್ಯವಾಗಿ ದಪ್ಪದ ಶೇ. 10ರಷ್ಟು ಹೆಚ್ಚುಕಡಿಮೆ, ಬಹಳ ತೆಳುವಾದ ತಗಡಿನಲ್ಲಿಯೂ 0.02 ಮಿ.ಮೀ.ಗಿಂತ ಕಡಿಮೆ ವ್ಯತ್ಯಾಸವನ್ನು ನಿರೀಕ್ಷಿಸಬಾರದು.

ಈಗ ಕಿಂಡಿಯ ನಡುವೆ ಉಳಿದ ಲೋಹದ ವಿಷಯ. ತಟ್ಟೆಯಲ್ಲಿ ದ್ರಾವಣ ನಿಂತಲ್ಲೇ ನಿಂತಾಗ ಅಗಲವಾದ ತೆರೆದ ಜಾಗದ ನಡುಭಾಗದಲ್ಲಿ ಲೋಹವನ್ನು ಕರಗಿಸುವ ಫೆರಿಕ್ ಅಯಾನುಗಳು ಬೇಗ ಖರ್ಚಾಗುತ್ತವೆ. ಅಂಚಿನ ಬಳಿ ಮಾತ್ರ ಮರೆಪದರದ ಮೇಲಿರುವ ಬಳಕೆಯಾಗದ ದ್ರಾವಣ ಪಕ್ಕದಿಂದ ಹರಿದು ಬಂದು ಸೇರುತ್ತದೆ. ಹೀಗಾಗಿ ಅಂಚಿನುದ್ದಕ್ಕೂ ಚರಂಡಿಯಂತೆ ಆಳವಾಗಿ, ನಡುವೆ ದಿಬ್ಬ ಉಳಿಯುತ್ತದೆ. ಇದಕ್ಕೆ ಪರಿಹಾರ ಬಹಳ ಸರಳವಾದದ್ದು, ಮತ್ತು ಹೊಸಬರು ಇದನ್ನು ಅಪರೂಪಕ್ಕೆ ಮಾತ್ರ ಯೋಚಿಸುತ್ತಾರೆ ಎಂಬುದು ನನಗೆ ಪ್ರತಿ ಸಲವೂ ಬೇಸರ ತರುವ ಸಂಗತಿ: ಕಿಂಡಿಯೊಳಗಿನ ಲೋಹವನ್ನೆಲ್ಲ ಕರಗಿಸುವ ಅಗತ್ಯವೇ ಇಲ್ಲ. ಕಿಂಡಿಯ ಗಡಿಯುದ್ದಕ್ಕೂ ಒಂದೇ ಅಗಲದ ಗೆರೆಯನ್ನಷ್ಟೇ ತೆರೆದಿಡಿ, ಒಳಗಿನ ತುಂಡನ್ನು ಮರೆಪದರದಿಂದ ಮುಚ್ಚಿಡಿ. ಗೆರೆ ಆರಪಾರವಾದೊಡನೆ ಆ ತುಂಡು ತಾನಾಗಿಯೇ ಕಳಚಿ ಬೀಳುತ್ತದೆ. ಮುಳ್ಳುಗಳ ಸುತ್ತಲೂ ಇದೇ ಕ್ರಮ ಅನುಸರಿಸಿ, ಎರಡು ಮೂರು ಕಡೆ ಮಾತ್ರ ಕಿರಿದಾದ ಸೇತುವೆಗಳನ್ನು ಬಿಟ್ಟರೆ ಬಿಡಿಭಾಗ ಚೌಕಟ್ಟಿಗೆ ಅಂಟಿಕೊಂಡೇ ಇರುತ್ತದೆ. ಕಿರಿದಾದ ಗೆರೆಗಿಂತ ಅಗಲವಾದ ಗೆರೆ ಬೇಗ ಕೊರೆಯುವುದರಿಂದ, ಎಲ್ಲ ಗೆರೆಗಳೂ ಒಂದೇ ಅಗಲವಿದ್ದಾಗ ಇಡೀ ಹಾಳೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮುಗಿಯುತ್ತದೆ. ದ್ರಾವಣವೂ ಉಳಿಯುತ್ತದೆ.

ಗರಗಸದಂತಹ ಅಂಚಿಗೆ ಹೆಚ್ಚಿನ ಪಾಲು ಕಾರಣ ಟೋನರ್. ಟೋನರ್ ಎಂಬುದು ಕರಗಿ ಅಂಟಿಕೊಂಡ ಪುಡಿ. ಅದರ ಅಂಚು ಹುಟ್ಟುವಾಗಲೇ ಕಣಕಣವಾಗಿರುತ್ತದೆ, ಮೈಯಲ್ಲಿ ಸೂಜಿಮೊನೆಯಷ್ಟು ತೂತುಗಳಿರುತ್ತವೆ, ಮತ್ತು ಇಸ್ತ್ರಿಪೆಟ್ಟಿಗೆಯ ಬಿಸಿಯೂ ಒತ್ತಡವೂ ಎಲ್ಲೆಡೆ ಒಂದೇ ಸಮನಾಗಿ ಬೀಳುವುದಿಲ್ಲ. ನಾಮಫಲಕದ ದಪ್ಪ ಅಕ್ಷರಗಳಿಗೆ ಅದನ್ನು ಬಳಸಬಹುದು. ಗಡಿಯಾರದ ಮುಳ್ಳಿಗೆ ಹಾಳೆರೂಪದ ಫೋಟೋರೆಸಿಸ್ಟ್ ಬೇಕು. ಹೀಗೆ ಬೆಳಕಿಗೆ ಗಟ್ಟಿಯಾಗುವ ಪದರವನ್ನು ಮರೆಯಾಗಿ ಬಳಸಿ ಲೋಹವನ್ನು ಕೊರೆಯುವ ವಿಧಾನ ಹೊಸದೇನಲ್ಲ. ಛಾಯಾಗ್ರಹಣದ ಆದ್ಯರಲ್ಲೊಬ್ಬರಾದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1852ರಲ್ಲಿ ಬೈಕ್ರೋಮೇಟ್ ಬೆರೆಸಿದ ಜೆಲಾಟಿನ್ ಪದರಕ್ಕೆ ಪೇಟೆಂಟ್ ಪಡೆದರು, 1858ರ ತಮ್ಮ ಸುಧಾರಿತ ವಿಧಾನದಲ್ಲಿ ಕೊರೆಯಲು ಬಳಸಿದ್ದು ಇದೇ ಫೆರಿಕ್ ಕ್ಲೋರೈಡನ್ನು.

ಫೋಟೋರೆಸಿಸ್ಟ್ ಅಂಟಿಸುವ ಮೊದಲು ತಗಡು ನಿಜವಾಗಿ ಶುಚಿಯಾಗಿರಬೇಕು. ಉರುಳುಯಂತ್ರದಿಂದ ಬಂದ ತಗಡಿನ ಮೇಲೆ ಕಣ್ಣಿಗೆ ಕಾಣದ ಎಣ್ಣೆಯ ಪೊರೆ ಇರುತ್ತದೆ. ಸಾಬೂನಿನಿಂದ ತೊಳೆದು, ನುಣುಪಾದ ಪ್ಯೂಮಿಸ್ ಪುಡಿಯಿಂದ ಉಜ್ಜಿ, ತಗಡನ್ನು ನೀರಿನಿಂದ ಎತ್ತಿ ಓರೆಯಾಗಿ ಹಿಡಿದು ನೋಡಿ. ನೀರಿನ ಪೊರೆ ಅರ್ಧ ನಿಮಿಷವಾದರೂ ಒಡೆಯದೆ ಹಾಸಿಕೊಂಡಿದ್ದರೆ ತಗಡು ಶುಚಿಯಾಗಿದೆ. ಹನಿಹನಿಯಾಗಿ ಒಡೆದರೆ ಅಲ್ಲಿ ಜಿಡ್ಡು ಉಳಿದಿದೆ, ಅಲ್ಲಿಯೇ ನಾಳೆ ಮರೆಪದರ ಎದ್ದು ಬರುತ್ತದೆ. ಅನಂತರ ಬರಿಗೈಯಲ್ಲಿ ಮುಟ್ಟಬಾರದು.

ಎರಡೂ ಬದಿಯ ಚಿತ್ರಗಳು ಕೂದಲೆಳೆಯಷ್ಟೂ ತಪ್ಪದೆ ಕೂಡಬೇಕಾದ್ದರಿಂದ, ಎರಡು ಫಿಲ್ಮುಗಳನ್ನು ಮೊದಲು ಬೆಳಕಿನ ಮೇಜಿನ ಮೇಲೆ ಗುರುತಿಗೆ ಗುರುತು ಹೊಂದಿಸಿ, ಒಂದು ಬದಿಯಲ್ಲಿ ಅದೇ ದಪ್ಪದ ತಗಡಿನ ಪಟ್ಟಿಯನ್ನು ನಡುವೆ ಇಟ್ಟು ಲಕೋಟೆಯಂತೆ ಅಂಟಿಸಿ, ಆಮೇಲೆ ತಗಡನ್ನು ಅದರೊಳಗೆ ಜಾರಿಸಬೇಕು. ಫಿಲ್ಮಿನ ಶಾಯಿ ಇರುವ ಮೈ ಫೋಟೋರೆಸಿಸ್ಟಿಗೆ ತಾಗಿಕೊಂಡೇ ಇರಬೇಕು. ತಿರುಗಿಸಿ ಇಟ್ಟರೆ ಫಿಲ್ಮಿನ ದಪ್ಪದೊಳಗೆ ಬೆಳಕು ಅಡ್ಡಕ್ಕೆ ಹರಡಿ ಗೆರೆಯ ಅಂಚು ಮಸುಕಾಗುತ್ತದೆ. ನೇರಳಾತೀತ ಬೆಳಕು ಎಷ್ಟು ಹೊತ್ತು ಬೇಕೆಂಬುದು ನಿಮ್ಮ ದೀಪವನ್ನು ಅವಲಂಬಿಸಿದ ವಿಷಯ. ಒಂದು ತುಂಡಿನ ಮೇಲೆ ಹಂತಹಂತವಾಗಿ ಬೆಳಕು ಬಿಟ್ಟು ಪರೀಕ್ಷಿಸಿಯೇ ನಿರ್ಧರಿಸಬೇಕು. ಬೆಳಕು ಬೀಳದ ಭಾಗವನ್ನು ಶೇ. 1ರ ಸೋಡಿಯಂ ಕಾರ್ಬೊನೇಟ್, ಅಂದರೆ ಬಟ್ಟೆಸೋಡಾದ ದ್ರಾವಣದಲ್ಲಿ, ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೊಳೆದು ತೆಗೆಯಬೇಕು. ತೆಗೆದದ್ದು ಪೂರ್ತಿಯಾಯಿತೇ ಎಂದು ತಿಳಿಯಲು ತಗಡನ್ನು ಹತ್ತು ಸೆಕೆಂಡು ಮಾತ್ರ ಫೆರಿಕ್ ಕ್ಲೋರೈಡಿನಲ್ಲಿ ಅದ್ದಿ ತೊಳೆದು ನೋಡಿ. ತೆರೆದ ಲೋಹವೆಲ್ಲ ಒಂದೇ ಸಮನೆ ಮಂಕಾಗಿದ್ದರೆ ಮುಂದುವರಿಯಬಹುದು. ಎಲ್ಲಾದರೂ ಇನ್ನೂ ಹೊಳೆಯುತ್ತಿದ್ದರೆ ಅಲ್ಲಿ ಕಾಣದ ಪೊರೆ ಉಳಿದಿದೆ, ಮತ್ತೆ ಸೋಡಾದಲ್ಲಿ ತೊಳೆಯಬೇಕು. ಈ ಒಂದು ಪರೀಕ್ಷೆ ಎಷ್ಟೋ ಹಾಳೆಗಳನ್ನು ಉಳಿಸುತ್ತದೆ.

ತಗಡಿನ ಜಾತಿಯೂ ಮುಖ್ಯ, ಅದನ್ನು ನಾನು ಕಷ್ಟಪಟ್ಟು ಕಲಿತೆ. ಒಮ್ಮೆ ಸತತ ಕೆಲವು ದಿನ ಕೊರೆದ ತಗಡೆಲ್ಲ ಬಿಳಿಮಸಿ ಹಿಡಿದು ಒರಟಾಗುತ್ತಿದ್ದಾಗ ದ್ರಾವಣವನ್ನೇ ಮೂರು ಸಲ ಬದಲಿಸಿದೆ. ಕಡೆಗೆ ನೋಡಿದರೆ ಅದು ಲೇತಿನ ಕೆಲಸಕ್ಕೆಂದು ತಯಾರಾದ, ಶೇ. 2ರಿಂದ 3ರಷ್ಟು ಸೀಸ ಬೆರೆತ ಹಿತ್ತಾಳೆಯಾಗಿತ್ತು. ಸೀಸದ ಕ್ಲೋರೈಡ್ ತಣ್ಣೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಅದು ಲೋಹದ ಮೈಮೇಲೆ ಕುಳಿತು ಕೊರೆತವನ್ನು ಅಲ್ಲಲ್ಲಿ ತಡೆಯುತ್ತದೆ. ಸೀಸವಿಲ್ಲದ, ಶೇ. 30ರಿಂದ 37ರಷ್ಟು ಸತುವಿರುವ ಹಿತ್ತಾಳೆಯನ್ನು ಆರಿಸಿ. ಸತುವಿನ ಪಾಲು ಇದಕ್ಕಿಂತ ಹೆಚ್ಚಾಗಿ ಶೇ. 39ನ್ನು ದಾಟಿದರೆ ಲೋಹದೊಳಗೆ ಎರಡು ಬಗೆಯ ಹರಳುಗಳು ಬೆರೆತಿರುತ್ತವೆ, ಅವು ಬೇರೆಬೇರೆ ವೇಗದಲ್ಲಿ ಕರಗಿ ಮೇಲ್ಮೈಯನ್ನು ತರಿತರಿಯಾಗಿಸುತ್ತವೆ.

ದ್ರಾವಣದೊಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿದುಕೊಂಡರೆ ಆಮ್ಲ, ಬಿಸಿಗಳ ಪ್ರಶ್ನೆಗೂ ಗುಲಾಬಿ ಬಣ್ಣಕ್ಕೂ ಉತ್ತರ ಸಿಗುತ್ತದೆ. ಫೆರಿಕ್ ಕ್ಲೋರೈಡ್ ತಾಮ್ರದಿಂದ ಇಲೆಕ್ಟ್ರಾನನ್ನು ಕಸಿದು ತಾನು ಫೆರಸ್ ಕ್ಲೋರೈಡ್ ಆಗುತ್ತದೆ. ತಾಮ್ರ ಮೊದಲು ನೀರಿನಲ್ಲಿ ಕರಗದ ಕ್ಯುಪ್ರಸ್ ಕ್ಲೋರೈಡಾಗಿ ಲೋಹದ ಮೇಲೆಯೇ ತೆಳುವಾದ ಪೊರೆ ಕಟ್ಟುತ್ತದೆ. ಮತ್ತಷ್ಟು ಫೆರಿಕ್ ಅಯಾನು ಅಲ್ಲಿಗೆ ತಲುಪಿದಾಗ ಅದು ಕರಗಬಲ್ಲ ಕ್ಯುಪ್ರಿಕ್ ಕ್ಲೋರೈಡಾಗಿ ದ್ರಾವಣ ಸೇರುತ್ತದೆ. ಈ ಪೊರೆಯನ್ನು ಸತತವಾಗಿ ಕಳಚುತ್ತಿರುವುದರಲ್ಲಿಯೇ ಎಚಿಂಗಿನ ಗುಣಮಟ್ಟ ಅಡಗಿದೆ. ಅದಕ್ಕಾಗಿಯೇ ಕದಡುವಿಕೆಗೆ ಇಷ್ಟು ಮಹತ್ವ. ಸಿಂಪಡಿಸುವ ಯಂತ್ರ 45 ಡಿಗ್ರಿಯಲ್ಲಿ ನಿಮಿಷಕ್ಕೆ ಸುಮಾರು 25 ಮೈಕ್ರಾನ್ ಕೊರೆಯುವಾಗ, ನಿಮ್ಮ ತಟ್ಟೆ ಕೊರೆದದ್ದು ನಿಮಿಷಕ್ಕೆ ನಾಲ್ಕು ಮೈಕ್ರಾನಿನಷ್ಟು. ಯಂತ್ರವಿಲ್ಲದಿದ್ದರೆ ಪ್ಲಾಸ್ಟಿಕ್ ತೊಟ್ಟಿಯಲ್ಲಿ ತಗಡನ್ನು ಲಂಬವಾಗಿ ತೂಗುಹಾಕಿ, ಕೆಳಗಿನಿಂದ ಗಾಳಿಯ ಗುಳ್ಳೆಗಳನ್ನು ಬಿಟ್ಟು, ಎರಡು ನಿಮಿಷಕ್ಕೊಮ್ಮೆ ತಗಡನ್ನು ತಲೆಕೆಳಗಾಗಿಸಿ. ಒಂದೇ ಬದಿ ಕೊರೆಯುವ ಫಲಕವಾದರೆ ಮುಖ ಕೆಳಗಾಗುವಂತೆ ಇಡಿ, ಆಗ ಕೆಸರು ತಾನಾಗಿಯೇ ಕೆಳಗಿಳಿಯುತ್ತದೆ.

ಬಿಸಿ 40ರಿಂದ 45 ಡಿಗ್ರಿ ಸಾಕು. ಅದಕ್ಕೂ ಮೇಲೆ ಹೋದರೆ ವೇಗ ಹೆಚ್ಚುತ್ತದೆ, ಆದರೆ ಹೈಡ್ರೋಕ್ಲೋರಿಕ್ ಆಮ್ಲದ ಆವಿಯೂ ಹೆಚ್ಚುತ್ತದೆ, ಮರೆಪದರ ಸಡಿಲವಾಗುತ್ತದೆ. ಆಮ್ಲದ ಕೆಲಸ ಲೋಹವನ್ನು ಕೊರೆಯುವುದಲ್ಲ. ಕಬ್ಬಿಣದ ಹೈಡ್ರಾಕ್ಸೈಡ್ ಕೆಸರಾಗಿ ಗೆರೆಗಳಲ್ಲಿ ಕೂರದಂತೆ ತಡೆಯುವುದು. ಆ ಕೆಲಸಕ್ಕೆ ಸಿಟ್ರಿಕ್ ಆಮ್ಲ ಸಾಕು, ಹೈಡ್ರೋಕ್ಲೋರಿಕ್ ಆಮ್ಲಕ್ಕಿಂತ ಅದು ಎಷ್ಟೋ ಸೌಮ್ಯ. ಮುದ್ರಣಕಲಾವಿದರು ಎಡಿನ್‌ಬರೊ ಎಚ್ ಎಂದು ಕರೆಯುವ ಮಿಶ್ರಣ ಇದೇ: ನಾಲ್ಕು ಪಾಲು ಗಾಢ ಫೆರಿಕ್ ಕ್ಲೋರೈಡ್ ದ್ರಾವಣಕ್ಕೆ ಒಂದು ಪಾಲು ಸಿಟ್ರಿಕ್ ಆಮ್ಲದ ದ್ರಾವಣ. ನೈಟ್ರಿಕ್ ಆಮ್ಲವನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಹಿತ್ತಾಳೆಯೊಡನೆ ಅದು ಹೊರಹಾಕುವ ಕಂದು ಹೊಗೆ ಶ್ವಾಸಕೋಶಕ್ಕೆ ತೀವ್ರ ಹಾನಿ ಮಾಡುತ್ತದೆ, ಆ ಹಾನಿ ಕೆಲವೊಮ್ಮೆ ಗಂಟೆಗಳ ನಂತರವಷ್ಟೇ ಗೊತ್ತಾಗುತ್ತದೆ.

ಗುಲಾಬಿ ಬಣ್ಣ ತಾಮ್ರದ್ದು. ದ್ರಾವಣ ದಣಿದಾಗ, ಅಂದರೆ ಫೆರಿಕ್ ಅಯಾನುಗಳು ಕಡಿಮೆಯಾಗಿ ತಾಮ್ರ ತುಂಬಿಕೊಂಡಾಗ, ಹಿತ್ತಾಳೆಯ ಸತುವೇ ಮೊದಲು ಕರಗಿ ಮೇಲ್ಮೈಯಲ್ಲಿ ತಾಮ್ರ ಉಳಿಯುತ್ತದೆ. ದ್ರಾವಣದಲ್ಲಿರುವ ತಾಮ್ರವೂ ಸತುವಿನ ಜಾಗದಲ್ಲಿ ಬಂದು ಕೂರಬಹುದು. ಅದು ತೆಳುವಾದ ಪೊರೆಯಷ್ಟೇ ಆಗಿದ್ದರೆ ಶೇ. 3ರ ಹೈಡ್ರೋಜನ್ ಪೆರಾಕ್ಸೈಡಿಗೆ ಸ್ವಲ್ಪ ಸಿಟ್ರಿಕ್ ಆಮ್ಲ ಬೆರೆಸಿ ಒಂದೆರಡು ನಿಮಿಷ ಅದ್ದಿದರೆ ಹಿತ್ತಾಳೆಯ ಬಣ್ಣ ಮರಳುತ್ತದೆ. ದ್ರಾವಣ ಎಷ್ಟು ದುಡಿಯಬಲ್ಲದು ಎಂಬುದಕ್ಕೂ ಲೆಕ್ಕವಿದೆ. ಮಾರುಕಟ್ಟೆಯ ಗಾಢ ದ್ರಾವಣದ ಒಂದು ಲೀಟರಿನಲ್ಲಿ ಸುಮಾರು 560 ಗ್ರಾಂ ಫೆರಿಕ್ ಕ್ಲೋರೈಡ್ ಇದ್ದರೆ, ಅದು ತಾತ್ವಿಕವಾಗಿ 110 ಗ್ರಾಂ ತಾಮ್ರವನ್ನು ಕರಗಿಸಬಲ್ಲದು. ಆದರೆ 50 ಗ್ರಾಂ ದಾಟಿದ ಮೇಲೆ ಅಂಚಿನ ಗುಣ ಕೆಡತೊಡಗುತ್ತದೆ. 0.25 ಮಿ.ಮೀ. ದಪ್ಪದ, 100 ಚದರ ಸೆಂಟಿಮೀಟರ್ ಹಾಳೆಯ ಅರ್ಧವನ್ನು ಕರಗಿಸಿದರೆ ಹತ್ತು ಗ್ರಾಂಗಿಂತ ಸ್ವಲ್ಪ ಹೆಚ್ಚು ಲೋಹ ದ್ರಾವಣ ಸೇರುತ್ತದೆ, ಅಂದರೆ ಲೀಟರಿಗೆ ಅಂತಹ ಐದು ಹಾಳೆಗಳು ಎಂದಿಟ್ಟುಕೊಳ್ಳಿ. ಗಡಿಗೆರೆಯನ್ನು ಮಾತ್ರ ಕೊರೆಯುವ ಕ್ರಮಕ್ಕೆ ಬಂದರೆ ಇದು ಇನ್ನೂ ಎಷ್ಟೋ ಹೆಚ್ಚು ಹಾಳೆಗಳಿಗೆ ಸಾಲುತ್ತದೆ.

ನಾಮಫಲಕವನ್ನು ಇದೇ ದ್ರಾವಣದಲ್ಲಿ ಮಾಡಬಹುದು. ಇಲ್ಲಿ ಆರಪಾರ ಹೋಗುವ ಕೆಲಸವಿಲ್ಲ. ಬಣ್ಣ ತುಂಬುವ ಅಕ್ಷರಗಳಿಗೆ 0.15ರಿಂದ 0.2 ಮಿ.ಮೀ. ಆಳ ಸಾಕಾದ್ದರಿಂದ ಅಡ್ಡಕೊರೆತವೂ ಅಷ್ಟಕ್ಕೇ ನಿಲ್ಲುತ್ತದೆ. ಅಕ್ಷರಗಳು ತಗ್ಗಾಗಿರಲಿ, ಹಿನ್ನೆಲೆ ಮೇಲಿರಲಿ. ಹಿನ್ನೆಲೆಯನ್ನೆಲ್ಲ ಕೊರೆದು ಅಕ್ಷರಗಳನ್ನು ಉಬ್ಬಿಸಲು ಹೊರಟರೆ, ಮೊದಲು ಹೇಳಿದ ಚರಂಡಿ ಮತ್ತು ದಿಬ್ಬಗಳ ತೊಂದರೆ ಇಲ್ಲಿಯೂ ಕಾಣಿಸಿಕೊಳ್ಳುತ್ತದೆ. ಉಬ್ಬಕ್ಷರವೇ ಬೇಕೆಂದಾದರೆ ಹಿನ್ನೆಲೆಗೆ ಚುಕ್ಕಿಗಳ ವಿನ್ಯಾಸ ಕೊಡಿ, ಏರುಪೇರು ಕಣ್ಣಿಗೆ ಬೀಳುವುದಿಲ್ಲ. ಗಟ್ಟಿ ಉರುಳಿಸಿದ ತಗಡಿನಲ್ಲಿ ಅಡಗಿರುವ ಬಿಗಿತ ಒಂದೇ ಮುಖದ ಲೋಹ ಹೋದಾಗ ಬಿಡುಗಡೆಯಾಗಿ ಫಲಕ ಬಿಲ್ಲಿನಂತೆ ಬಾಗುವುದುಂಟು, 1.5 ಮಿ.ಮೀ. ದಪ್ಪದಲ್ಲಿ ಇದು ಅಷ್ಟಾಗಿ ಕಾಡದು, ತೆಳು ಫಲಕವಾದರೆ ಮೊದಲೇ ಸುಮಾರು 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿ ತಣಿಸುವುದು ಒಳ್ಳೆಯದು. ಮರೆಪದರವನ್ನು ತೆಗೆದ ನಂತರವೇ ಬಣ್ಣ ತುಂಬಿ, ಪೂರ್ತಿ ಒಣಗಿದ ಮೇಲೆ ಸಪಾಟಾದ ಮರದ ತುಂಡಿಗೆ ಸುತ್ತಿದ 600 ಸಂಖ್ಯೆಯ ಮರಳುಕಾಗದದಿಂದ ಒಂದೇ ದಿಕ್ಕಿನಲ್ಲಿ ಉಜ್ಜಿ, ಪಾರದರ್ಶಕ ಮೆರುಗೆಣ್ಣೆ ಹಚ್ಚಿ.

ಕೊರೆದ ಮೇಲೆ ತೊಳೆಯುವ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ತಗಡನ್ನು ನೇರವಾಗಿ ಬರೀ ನೀರಿಗೆ ಹಾಕಿದರೆ ಉಳಿದ ಕಬ್ಬಿಣದ ಕ್ಲೋರೈಡ್ ಕಂದು ಹೈಡ್ರಾಕ್ಸೈಡಾಗಿ ಗೆರೆಗಳೊಳಗೆ ಕೂತುಬಿಡುತ್ತದೆ. ಮೊದಲು ದುರ್ಬಲ ಸಿಟ್ರಿಕ್ ಆಮ್ಲ, ಆಮೇಲೆ ಧಾರಾಳ ನೀರು, ಕಡೆಯಲ್ಲಿ ಸೋಡಾ ನೀರು, ಮತ್ತೆ ನೀರು. ಕ್ಯುಪ್ರಸ್ ಕ್ಲೋರೈಡ್ ಮೂಲೆಯಲ್ಲಿ ಉಳಿದುಕೊಂಡರೆ ಗಾಳಿಯ ತೇವದಿಂದ ವಾರಗಳ ನಂತರ ಹಸಿರು ಪುಡಿಯಾಗಿ ಹೊರಬಂದು ಮೆರುಗೆಣ್ಣೆಯನ್ನೂ ಎಬ್ಬಿಸುತ್ತದೆ.

ಕೈಗವಸು, ಕಣ್ಣಿನ ರಕ್ಷಣೆ, ಗಾಳಿಯಾಡುವ ಜಾಗ ಇವುಗಳಲ್ಲಿ ರಾಜಿ ಬೇಡ. ಪುಡಿಯಿಂದ ದ್ರಾವಣ ಮಾಡುವಾಗ ಪುಡಿಯನ್ನೇ ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕು, ಬಹಳ ಬಿಸಿ ಹುಟ್ಟುತ್ತದೆ. ಅಲ್ಯೂಮಿನಿಯಂ ಪಾತ್ರೆ, ಸ್ಟೀಲ್ ಚಿಮಟ ಹತ್ತಿರ ತರಬೇಡಿ. ದಣಿದ ದ್ರಾವಣವನ್ನು ಚರಂಡಿಗೆ ಸುರಿಯಬಾರದು ಎಂಬುದನ್ನು ನಾನು ಬೇಡಿಕೊಂಡೇ ಹೇಳುತ್ತೇನೆ: ಕರಗಿದ ತಾಮ್ರ ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿಗೆ, ಪಾಚಿಗೆ ವಿಷ. ದೊಡ್ಡ ಬಕೆಟಿನಲ್ಲಿ ನೀರು ಬೆರೆಸಿ, ಬಟ್ಟೆಸೋಡಾವನ್ನು ನೊರೆ ಉಕ್ಕದಂತೆ ನಿಧಾನವಾಗಿ ಸೇರಿಸುತ್ತಾ ಪಿಎಚ್ ಅಂಕವನ್ನು 9ರ ಹತ್ತಿರಕ್ಕೆ ತನ್ನಿ. ಕಬ್ಬಿಣ, ತಾಮ್ರ, ಸತು ಮೂರೂ ಕೆಸರಾಗಿ ಇಳಿಯುತ್ತವೆ. ಇನ್ನೂ ಹೆಚ್ಚಿದರೆ ಒಳ್ಳೆಯದೆಂದು ಕಾಸ್ಟಿಕ್ ಸೋಡಾ ಸುರಿಯಬೇಡಿ, ಅತಿಕ್ಷಾರದಲ್ಲಿ ಸತು ಮತ್ತೆ ಕರಗುತ್ತದೆ. ಕೆಸರನ್ನು ಸೋಸಿ ಒಣಗಿಸಿ, ಮುಚ್ಚಿದ ಡಬ್ಬದಲ್ಲಿ ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ.

ಹೊಸ ಮುಳ್ಳುಗಳ ಚಿತ್ರ ಬರೆಯುವ ಮೊದಲು ಒಂದು ಪರೀಕ್ಷಾ ಪಟ್ಟಿ ಮಾಡಿಕೊಳ್ಳಿ. ಅದೇ 0.25 ಮಿ.ಮೀ. ತಗಡಿನ ಮೇಲೆ 0.3ರಿಂದ 1 ಮಿ.ಮೀ.ವರೆಗೆ 0.1ರ ಅಂತರದಲ್ಲಿ ಏರುವ ಕಡ್ಡಿಗಳ ಬಾಚಣಿಗೆಯೊಂದನ್ನು ಬರೆದು, ಅವುಗಳ ನಡುವಿನ ಗೆರೆಗಳನ್ನೆಲ್ಲ ಒಂದೇ ಅಗಲಕ್ಕೆ ಇಟ್ಟು, ನಿಮ್ಮದೇ ತೊಟ್ಟಿಯಲ್ಲಿ, ಮುಂದೆ ಬಳಸಲಿರುವ ಬಿಸಿಯಲ್ಲಿಯೇ ಎರಡೂ ಬದಿಗಳಿಂದ ಕೊರೆಯಿರಿ. ಏಣು ತಗ್ಗಿದೊಡನೆ ತೆಗೆದು ಹೊತ್ತನ್ನು ಬರೆದಿಟ್ಟುಕೊಳ್ಳಿ, ಪ್ರತಿ ಕಡ್ಡಿಯನ್ನೂ ಮೈಕ್ರೋಮೀಟರಿನಲ್ಲಿ ಅಳೆಯಿರಿ. ಬರೆದ ಅಗಲಕ್ಕೂ ಉಳಿದ ಅಗಲಕ್ಕೂ ಇರುವ ವ್ಯತ್ಯಾಸದ ಅರ್ಧವೇ ನಿಮ್ಮ ತೊಟ್ಟಿಯ ಅಡ್ಡಕೊರೆತ. ಮುಳ್ಳಿನ ಪ್ರತಿ ಅಂಚಿಗೂ ಅಷ್ಟನ್ನೇ ಸೇರಿಸಿ ಚಿತ್ರ ಬರೆಯಿರಿ.